ಬೆಳೆಯುವ ಊರೋ, ಕುಗ್ಗಿದ ಊರೋ: ಅಮೆರಿಕದಲ್ಲಿ ನೆಲೆಸಲು ನಗರ ಆರಿಸುವವರಿಗೊಂದು ಹೋಲಿಕೆ

ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲೊಂದು ಕೆಲಸ, ಮಿಷಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲೊಂದು ಕೆಲಸ. ಸಂಬಳ ಹೆಚ್ಚುಕಡಿಮೆ ಒಂದೇ. ಇಂಥ ಎರಡು ಪತ್ರಗಳನ್ನು ಕೈಯಲ್ಲಿ ಹಿಡಿದವರು ಮೊದಲು ಕೇಳುವುದು, "ಡೆಟ್ರಾಯಿಟ್ ಖಾಲಿಯಾಗಿದೆಯಂತೆ, ಹೌದೇ?" ಎಂದು. 1950ರಲ್ಲಿ 18.5 ಲಕ್ಷ ಜನರಿದ್ದ ಆ ಊರು 2020ರ ಜನಗಣತಿಯ ಹೊತ್ತಿಗೆ 6.39 ಲಕ್ಷಕ್ಕೆ ಇಳಿದಿತ್ತು. ಅದೇ ಎಪ್ಪತ್ತು ವರ್ಷಗಳಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್ 1.07 ಲಕ್ಷದಿಂದ 16 ಲಕ್ಷಕ್ಕೆ ಏರಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೇನೂ ಯೋಚಿಸಬೇಕಿಲ್ಲ ಎನಿಸುತ್ತದೆ.

ಯೋಚಿಸಬೇಕು. ಜನಸಂಖ್ಯೆಯ ಅಂಕಿ ನಿಮಗೆ ಉಪಯೋಗಕ್ಕೆ ಬರುವುದು ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ. ಬಿಟ್ಟುಹೋದವರು ಯಾವ ಕಾರಣಕ್ಕೆ ಬಿಟ್ಟರೋ ಆ ಕಾರಣ ನಿಮಗೂ ತಟ್ಟುತ್ತದೆಯೇ? ಬಂದವರನ್ನು ಕರೆತಂದ ಕಾರಣ ನೀವು ಅಲ್ಲಿರುವಷ್ಟು ಕಾಲ ಉಳಿಯುತ್ತದೆಯೇ? ಕೆಳಗಿನ ಹೋಲಿಕೆಯನ್ನು ಈ ಎರಡು ಪ್ರಶ್ನೆಗಳನ್ನು ಹಿಡಿದೇ ಬರೆದಿದ್ದೇನೆ.

ಮೊದಲು ಗಡಿ ನೋಡಿ

ಅಮೆರಿಕದಲ್ಲಿ ನಗರದ ಜನಸಂಖ್ಯೆ ಎಂದರೆ ಆ ನಗರಾಡಳಿತದ ಗಡಿಯೊಳಗೆ ಇರುವವರ ಎಣಿಕೆ. ಗಡಿ ಎಲ್ಲಿದೆ ಎಂಬುದರ ಮೇಲೆ ಊರು ಬೆಳೆದಂತೆಯೋ ಕುಗ್ಗಿದಂತೆಯೋ ಕಾಣುತ್ತದೆ. ಒಹಾಯೋ ರಾಜ್ಯದ ಎರಡು ನಗರಗಳನ್ನು ನೋಡಿ. ಕ್ಲೀವ್‌ಲ್ಯಾಂಡ್ 1950ರ 9.15 ಲಕ್ಷದಿಂದ 2020ರಲ್ಲಿ 3.73 ಲಕ್ಷಕ್ಕೆ ಇಳಿಯಿತು. ಕೊಲಂಬಸ್ ಅದೇ ಅವಧಿಯಲ್ಲಿ 3.76 ಲಕ್ಷದಿಂದ 9.06 ಲಕ್ಷಕ್ಕೆ ಏರಿತು. ಒಂದು ಊರನ್ನು ಇನ್ನೊಂದಕ್ಕೆ ಅದಲುಬದಲು ಮಾಡಿದಂತಿದೆ. ಆದರೆ ಸುತ್ತಲಿನ ಕೌಂಟಿಗಳನ್ನು (ನಮ್ಮ ಜಿಲ್ಲೆಗಳಂಥವು) ಸೇರಿಸಿ ಮಹಾನಗರ ಪ್ರದೇಶವಾಗಿ ಎಣಿಸಿದರೆ 2020ರಲ್ಲಿ ಎರಡೂ ಕಡೆ ಸುಮಾರು 21 ಲಕ್ಷ ಜನ!

ಇದರ ಹಿಂದಿರುವುದು ನೀರಿನ ರಾಜಕೀಯ. 1950ರ ದಶಕದಲ್ಲಿ ಕೊಲಂಬಸ್‌ನ ಮೇಯರ್ ಆಗಿದ್ದ ಸೆನ್ಸೆನ್‌ಬ್ರೆನರ್ ಸುತ್ತಲಿನ ಬಡಾವಣೆಗಳಿಗೆ ಒಂದು ಷರತ್ತು ಹಾಕಿದರು: ನಗರದ ನೀರು, ಒಳಚರಂಡಿ ಬೇಕಾದರೆ ನಗರಕ್ಕೆ ಸೇರಿಕೊಳ್ಳಿ. ಬಡಾವಣೆಗಳು ಸೇರಿಕೊಂಡವು, ಗಡಿ ಹಿಗ್ಗಿತು. ಕ್ಲೀವ್‌ಲ್ಯಾಂಡ್ ಉಪನಗರಗಳಿಗೂ ನೀರು ಕೊಟ್ಟಿತು, ಆದರೆ ಅವು ಬೇರೆ ಊರುಗಳಾಗಿಯೇ ಉಳಿದವು. ಸೇಂಟ್ ಲೂಯಿಸ್ 1876ರಲ್ಲೇ ತನ್ನ ಕೌಂಟಿಯಿಂದ ಬೇರ್ಪಟ್ಟು ಗಡಿಯನ್ನು ಶಾಶ್ವತವಾಗಿ ಹಾಕಿಕೊಂಡಿತು. ಉಪನಗರಗಳಿಗೆ ಹೋದ ಪ್ರತಿ ಕುಟುಂಬವೂ ಅದರ ಲೆಕ್ಕದಲ್ಲಿ ನಷ್ಟವಾಗಿ ಕುಳಿತಿತು, 1950ರ 8.57 ಲಕ್ಷ 2020ರಲ್ಲಿ 3.02 ಲಕ್ಷವಾಯಿತು. ಹ್ಯೂಸ್ಟನ್ ಮತ್ತು ಫೀನಿಕ್ಸ್ ಸುತ್ತಲಿನ ನೆಲವನ್ನು ವರ್ಷ ವರ್ಷವೂ ನುಂಗುತ್ತ ಬೆಳೆದವು. 1950ರಲ್ಲಿ ಸುಮಾರು 17 ಚದರ ಮೈಲಿಯಿದ್ದ ಫೀನಿಕ್ಸ್ ಇಂದು 500ಕ್ಕೂ ಹೆಚ್ಚು. ನೂರಾ ಹತ್ತು ಹಳ್ಳಿಗಳನ್ನೂ ಸುತ್ತಲಿನ ಪುರಸಭೆಗಳನ್ನೂ ಸೇರಿಸಿಕೊಂಡು ಬಿಬಿಎಂಪಿಯಾದಾಗ ಬೆಂಗಳೂರಿನ ಅಂಕಿ ಹೇಗೆ ನೆಗೆಯಿತೆಂಬುದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಎರಡು ಊರುಗಳನ್ನು ಹೋಲಿಸುವಾಗ ಮಹಾನಗರ ಪ್ರದೇಶದ ಅಂಕಿ ಹಿಡಿಯಿರಿ. 2010 ಮತ್ತು 2020ರ ನಡುವೆ ಡೆಟ್ರಾಯಿಟ್ ನಗರ ಸುಮಾರು 75 ಸಾವಿರ ಜನರನ್ನು ಕಳೆದುಕೊಂಡಿತು. ಡೆಟ್ರಾಯಿಟ್ ಮಹಾನಗರ ಪ್ರದೇಶ 42.96 ಲಕ್ಷದಿಂದ 43.92 ಲಕ್ಷಕ್ಕೆ ಏರಿತು. ನಮ್ಮವರು ಹೆಚ್ಚಾಗಿ ಮನೆ ಮಾಡುವ ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್, ಕ್ಯಾಂಟನ್‌ಗಳೆಲ್ಲ ಈ ಎರಡನೆಯ ಲೆಕ್ಕಕ್ಕೆ ಸೇರಿದವು.

ಮಹಾನಗರದ ಲೆಕ್ಕದಲ್ಲೂ ದಿಕ್ಕು ಮುಖ್ಯ. ಕೊಲಂಬಸ್ ಪ್ರದೇಶ ಹತ್ತು ವರ್ಷಗಳಲ್ಲಿ 19 ಲಕ್ಷದಿಂದ 21ಕ್ಕೆ ಬಂತು. ಕ್ಲೀವ್‌ಲ್ಯಾಂಡ್ ಪ್ರದೇಶ ನಿಂತಲ್ಲೇ ನಿಂತಿತು. ಹೊಸ ಕೆಲಸಗಳು ಹುಟ್ಟುತ್ತಿರುವುದು ಮೊದಲನೆಯದರಲ್ಲಿ. ಆದರೂ ಭರವಸೆಯನ್ನೇ ಬೆಳವಣಿಗೆ ಎಂದು ಎಣಿಸಬೇಡಿ. 2022ರ ಜನವರಿಯಲ್ಲಿ ಇಂಟೆಲ್ ಕೊಲಂಬಸ್ ಪಕ್ಕದಲ್ಲಿ ಬೃಹತ್ ಚಿಪ್ ಕಾರ್ಖಾನೆ ಘೋಷಿಸಿತು. ಮೊದಲ ಘಟಕ ಕೆಲಸ ಶುರುಮಾಡುವುದು 2030–31ರಲ್ಲಿ ಎಂದು 2025ರಲ್ಲಿ ಅದೇ ಕಂಪನಿ ಹೇಳಿತು. ಆ ಘೋಷಣೆಯನ್ನು ನಂಬಿ ಅವಸರದಲ್ಲಿ ಮನೆ ಕೊಂಡವರ ಸಾಲದ ಕಂತು ಮಾತ್ರ ಮುಂದಕ್ಕೆ ಹೋಗುವುದಿಲ್ಲ.

ಡೆಟ್ರಾಯಿಟ್ ಅಥವಾ ಡಲ್ಲಾಸ್

ಡೆಟ್ರಾಯಿಟ್ ಏಕೆ ಕುಗ್ಗಿತು ಎಂಬುದಕ್ಕೆ 'ಕಾರು ಕಾರ್ಖಾನೆ ಮುಚ್ಚಿತು' ಎಂಬ ಒಂದು ಸಾಲಿನ ಉತ್ತರ ಸಾಲದು. 1950ರ ದಶಕದಲ್ಲೇ ಕಾರ್ಖಾನೆಗಳು ಅಗ್ಗದ ವಿಶಾಲ ನೆಲ ಹುಡುಕಿ ನಗರದ ಹೊರಗೆ ಹೋದವು. ಹೆದ್ದಾರಿ ಬಂತು, ಕಪ್ಪುಜನರ ಬ್ಲ್ಯಾಕ್ ಬಾಟಮ್ ಬಡಾವಣೆಯನ್ನು ಕೆಡವಲಾಯಿತು. ಬಿಳಿಯರಿಗೆ ಉಪನಗರದಲ್ಲಿ ಮನೆ ಕೊಳ್ಳಲು ಸುಲಭವಾಗಿ ಸಾಲ ಸಿಕ್ಕಿತು, ಕಪ್ಪುಜನರಿಗೆ ಬ್ಯಾಂಕುಗಳು ಬಾಗಿಲು ಮುಚ್ಚಿದವು. 1967ರ ದಂಗೆಯ ಬಳಿಕ ನಗರ ಬಿಟ್ಟು ಹೋಗುವವರ ಓಟ ಹೆಚ್ಚಾಯಿತು. 1974ರಲ್ಲಿ ಸುಪ್ರೀಂ ಕೋರ್ಟ್ ಡೆಟ್ರಾಯಿಟ್‌ನದೇ ಒಂದು ಮೊಕದ್ದಮೆಯಲ್ಲಿ, ಶಾಲೆಗಳಲ್ಲಿ ವರ್ಣಭೇದ ನೀಗಿಸಲು ಉಪನಗರದ ಶಾಲಾ ಜಿಲ್ಲೆಗಳನ್ನು (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕಗಳನ್ನು) ನಗರದ ಜೊತೆ ಸೇರಿಸುವಂತಿಲ್ಲ ಎಂದಿತು. ಗಡಿ ದಾಟಿ ಮನೆ ಮಾಡಿದರೆ ಬೇರೆ ಶಾಲೆ, ಬೇರೆ ತೆರಿಗೆ, ಬೇರೆ ಜಗತ್ತು ಎಂಬುದು ಅಲ್ಲಿಗೆ ಗಟ್ಟಿಯಾಯಿತು. ಇಂದು ನಾವು 'ಒಳ್ಳೆಯ ಶಾಲಾ ಜಿಲ್ಲೆ' ಎಂದು ಹುಡುಕಿಕೊಂಡು ಹೋಗುವ ಉಪನಗರಗಳ ಹಿಂದೆ ಈ ಇತಿಹಾಸವಿದೆ. ಅಲ್ಲಿ ಮನೆ ಮಾಡುವವರು ಇದನ್ನು ತಿಳಿದಿರಲೇಬೇಕು ಎಂದು ನಾನು ನಂಬುತ್ತೇನೆ.

ನಗರದೊಳಗೆ ಕುಗ್ಗುವಿಕೆ ಹೇಗೆ ಕಾಣುತ್ತದೆ? ಪೂರ್ವಭಾಗದ ಕೆಲವು ಬೀದಿಗಳಲ್ಲಿ ಕಾಲುದಾರಿಯ ಅಂಚನ್ನು ಕಾರು ಏರಲೆಂದು ಅಲ್ಲಲ್ಲಿ ಇಳಿಜಾರು ಮಾಡಿರುತ್ತಾರೆ. ಆ ಇಳಿಜಾರಿನ ಹಿಂದೆ ಮನೆಯಿಲ್ಲ, ಹುಲ್ಲಿದೆ. ನಾಲ್ಕು ಇಳಿಜಾರು ದಾಟಿದರೆ ಒಂದು ಮನೆ, ಅದರ ಮುಂದೆ ಅಂದವಾಗಿ ಕತ್ತರಿಸಿದ ಪೊದೆ. 18 ಲಕ್ಷ ಜನರಿಗಾಗಿ ಹಾಕಿದ ನೀರಿನ ಕೊಳವೆ, ಬೀದಿದೀಪ, ರಸ್ತೆಗಳ ಖರ್ಚನ್ನು ಅದರ ಮೂರನೇ ಒಂದು ಪಾಲು ಜನ ಹೊರಬೇಕು. 2013ರ ಜುಲೈನಲ್ಲಿ ನಗರ ಸುಮಾರು 1,800 ಕೋಟಿ ಡಾಲರ್ ಹೊಣೆಯೊಂದಿಗೆ ದಿವಾಳಿ ಅರ್ಜಿ ಹಾಕಿತು. ನಿವೃತ್ತ ನೌಕರರ ಪಿಂಚಣಿಗೂ ಕತ್ತರಿ ಬಿತ್ತು. ಆಮೇಲೆ ನಗರ ಚೇತರಿಸಿಕೊಂಡಿದೆ. ಪಾಳುಬಿದ್ದಿದ್ದ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣವನ್ನು ಫೋರ್ಡ್ ದುರಸ್ತಿ ಮಾಡಿ 2024ರಲ್ಲಿ ತೆರೆಯಿತು. ಗಣತಿ ಇಲಾಖೆ ಜನರನ್ನು ಕಡಿಮೆ ಎಣಿಸುತ್ತಿದೆ ಎಂದು ಆಗಿನ ಮೇಯರ್ ಮೈಕ್ ಡಗ್ಗನ್ ಮೊಕದ್ದಮೆಯನ್ನೇ ಹೂಡಿದ್ದರು. 2023ರ ಅಂದಾಜಿನಲ್ಲಿ, 1957ರ ನಂತರ ಮೊದಲ ಬಾರಿಗೆ, ಡೆಟ್ರಾಯಿಟ್‌ನ ಜನಸಂಖ್ಯೆ ಏರಿತು.

ಡಲ್ಲಾಸ್‌ನ ಕಥೆ ಬೇರೆ. ಡಲ್ಲಾಸ್–ಫೋರ್ಟ್ ವರ್ತ್ ಪ್ರದೇಶ 2010ರ 63.7 ಲಕ್ಷದಿಂದ 2020ರಲ್ಲಿ 76.4 ಲಕ್ಷವಾಯಿತು, ಆಮೇಲೆ 80 ಲಕ್ಷ ದಾಟಿತು. ಉತ್ತರದ ಫ್ರಿಸ್ಕೋ 2000ದಲ್ಲಿ 34 ಸಾವಿರ ಜನರ ಊರು. 2020ರಲ್ಲಿ ಎರಡು ಲಕ್ಷ. ಬ್ಯಾಂಕು, ವಿಮಾನ ಸಂಸ್ಥೆ, ದೂರಸಂಪರ್ಕ, ವಿಮೆ, ಪ್ಲೇನೋಗೆ ಬಂದ ಟೊಯೋಟಾದ ಉತ್ತರ ಅಮೆರಿಕದ ಮುಖ್ಯ ಕಚೇರಿ, ಹೀಗೆ ಕೆಲಸ ಕೊಡುವವರು ಹಲವು ಬಗೆ. ಎಚ್-1ಬಿ ವೀಸಾದಲ್ಲಿರುವವರಿಗೆ ಇದು ಎಲ್ಲಕ್ಕಿಂತ ದೊಡ್ಡ ವಿಷಯ. ಕೆಲಸ ಹೋದರೆ ಹೊಸ ಕಂಪನಿ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಮಕ್ಕಳ ಶಾಲೆ ಬಿಡಿಸದೆ, ಮನೆ ಖಾಲಿ ಮಾಡದೆ ಆ 60 ದಿನಗಳಲ್ಲಿ ಇನ್ನೊಂದು ಬಾಗಿಲು ತೆರೆಯುವ ಸಂಭವ ಡಲ್ಲಾಸ್‌ನಲ್ಲಿ ಹೆಚ್ಚು. ಡೆಟ್ರಾಯಿಟ್‌ನಲ್ಲಿ ಕಾರು ಉದ್ಯಮಕ್ಕೆ ನೆಗಡಿಯಾದರೆ ಇಡೀ ಪ್ರದೇಶಕ್ಕೆ ಜ್ವರ. 2009ರಲ್ಲಿ ಜನರಲ್ ಮೋಟರ್ಸ್, ಕ್ರೈಸ್ಲರ್ ಎರಡೂ ದಿವಾಳಿ ಅರ್ಜಿ ಹಾಕಿದವು. 2000ದಿಂದ 2010ರ ಅವಧಿಯಲ್ಲಿ ಅಮೆರಿಕದಲ್ಲಿ ಜನಸಂಖ್ಯೆ ಇಳಿದ ಏಕೈಕ ರಾಜ್ಯ ಮಿಷಿಗನ್.

ಇನ್ನು ದುಡ್ಡು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಮನೆ ಮಾರಾಟದ ಜಾಹೀರಾತಿನಲ್ಲಿ ತೆರಿಗೆಯ ಸಾಲುಗಳನ್ನು ಒಂದೊಂದಾಗಿ ಓದಿ: ಕೌಂಟಿ, ನಗರ, ಶಾಲಾ ಜಿಲ್ಲೆ, ಕಾಲೇಜು ಜಿಲ್ಲೆ. ಹೊಸ ಬಡಾವಣೆಯಾದರೆ ಅದರ ಕೆಳಗೆ 'ಎಂಯುಡಿ' ಎಂಬ ಇನ್ನೊಂದು ಸಾಲು ಇರಬಹುದು. ಆ ಬಡಾವಣೆಗೆ ನೀರು, ಒಳಚರಂಡಿ ಹಾಕಲು ಎತ್ತಿದ ಸಾಲವನ್ನು ಅಲ್ಲಿ ಮನೆ ಕೊಂಡವರೇ ತೀರಿಸುತ್ತಾರೆ ಎಂದು ಅದರ ಅರ್ಥ. ಎಲ್ಲ ಸೇರಿ ಶೇ 2ರ ಆಸುಪಾಸಿಗೆ ಬಂದರೆ ಐದು ಲಕ್ಷ ಡಾಲರ್ ಮನೆಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಕಟ್ಟಬೇಕು. ಆದಾಯ ತೆರಿಗೆ ಉಳಿಯಿತೆಂಬ ಸಂತೋಷದ ದೊಡ್ಡ ಪಾಲು ಅಲ್ಲಿಗೆ ಹೋಯಿತು. ಆಲಿಕಲ್ಲು ಮಳೆಯಿಂದಾಗಿ ಮನೆ ವಿಮೆಯೂ ದುಬಾರಿ.

ಮಿಷಿಗನ್‌ನಲ್ಲಿ ಆದಾಯ ತೆರಿಗೆ ಶೇ 4.25. ಡೆಟ್ರಾಯಿಟ್ ನಗರದೊಳಗೇ ವಾಸಿಸಿದರೆ ಮೇಲೆ ಶೇ 2.4, ಹೊರಗಿದ್ದು ಒಳಗೆ ಕೆಲಸ ಮಾಡಿದರೆ ಶೇ 1.2. ಅಲ್ಲಿ ಮನೆ ಕೊಳ್ಳುವವರು ಎಡವುವ ಜಾಗ ಇನ್ನೊಂದಿದೆ. 1994ರ ಕಾನೂನಿನಂತೆ ಒಬ್ಬರೇ ಮಾಲೀಕರಿರುವವರೆಗೆ ತೆರಿಗೆಯ ಮೌಲ್ಯ ನಿಧಾನವಾಗಿ ಏರುತ್ತದೆ. ಮಾರಾಟವಾದ ಮರುವರ್ಷ ಅದು ಮಾರುಕಟ್ಟೆಯ ಮಟ್ಟಕ್ಕೆ ಹಾರುತ್ತದೆ. ಮಾರುವವರ ತೆರಿಗೆ ರಸೀದಿ ನೋಡಿ ಬಜೆಟ್ ಹಾಕಬೇಡಿ.

ಬೆಳೆಯುವ ಊರಿನ ಒಳಗೂ ಕುಗ್ಗುವ ಭಾಗಗಳಿರುತ್ತವೆ ಎಂಬುದಕ್ಕೆ ಡಲ್ಲಾಸ್‌ನ ಉಪನಗರ ಪ್ಲೇನೋ ಸಾಕ್ಷಿ. ಒಂದು ಕಾಲದಲ್ಲಿ ಎಲ್ಲರೂ ಅಲ್ಲಿಗೇ ಹೋಗುತ್ತಿದ್ದರು. ಮನೆ ಬೆಲೆ ಏರಿತು, ಚಿಕ್ಕ ಮಕ್ಕಳಿರುವ ಕುಟುಂಬಗಳು ಇನ್ನೂ ಉತ್ತರಕ್ಕೆ ಹೋದವು. 2024ರಲ್ಲಿ ಅಲ್ಲಿನ ಶಾಲಾ ಜಿಲ್ಲೆ ಮಕ್ಕಳಿಲ್ಲದೆ ನಾಲ್ಕು ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು.

ನನ್ನ ತೀರ್ಪು: ಸಾಫ್ಟ್‌ವೇರ್‌ನವರು, ವೀಸಾ ಇನ್ನೂ ಗಟ್ಟಿಯಾಗದವರು ಡಲ್ಲಾಸ್‌ಗೆ ಹೋಗಿ. ವಾಹನ ವಿನ್ಯಾಸ, ಎಂಬೆಡೆಡ್ (ಯಂತ್ರದೊಳಗೇ ಕೂರುವ ಸಾಫ್ಟ್‌ವೇರ್), ಬ್ಯಾಟರಿ ಕ್ಷೇತ್ರದವರಿಗೆ ಡೆಟ್ರಾಯಿಟ್ ಪ್ರದೇಶದಷ್ಟು ದಟ್ಟವಾದ ಕೆಲಸದ ಪೇಟೆ ಅಮೆರಿಕದಲ್ಲಿ ಬೇರೆ ಇಲ್ಲ. ಅವರು 'ಖಾಲಿಯಾದ ಊರು' ಎಂದು ಹಿಂಜರಿಯಬೇಕಿಲ್ಲ. ಕನ್ನಡದ ಬಳಗ ಎರಡೂ ಕಡೆ ಇದೆ. ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟ ದಶಕಗಳಷ್ಟು ಹಳೆಯದು.

ಫೀನಿಕ್ಸ್: ನೀರು ಮತ್ತು ರಾತ್ರಿ

2010ರಿಂದ 2020ರವರೆಗೆ ಅಮೆರಿಕದ ಹತ್ತು ದೊಡ್ಡ ನಗರಗಳಲ್ಲಿ ಅತಿ ವೇಗವಾಗಿ ಬೆಳೆದದ್ದು ಫೀನಿಕ್ಸ್. ಫಿಲಡೆಲ್ಫಿಯಾವನ್ನು ಹಿಂದಿಕ್ಕಿ ಐದನೆಯ ಸ್ಥಾನಕ್ಕೆ ಬಂತು. ಉತ್ತರ ಭಾಗದಲ್ಲಿ ತೈವಾನಿನ ಟಿಎಸ್‌ಎಂಸಿ ಚಿಪ್ ಕಾರ್ಖಾನೆ ನಿಂತಿದೆ. ರಾಜ್ಯದ ಆದಾಯ ತೆರಿಗೆ ಶೇ 2.5 ಮಾತ್ರ.

ಬಿಸಿಲಿಗೆ ನಾವು ಹೆದರುವುದಿಲ್ಲ, ಬಳ್ಳಾರಿ ರಾಯಚೂರು ಕಂಡವರು ಎಂದುಕೊಳ್ಳುವುದು ಸಹಜ. 2023ರ ಬೇಸಿಗೆಯಲ್ಲಿ ಅಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ದಾಟಿತು. ರಾತ್ರಿಯೂ 32ಕ್ಕಿಂತ ಕೆಳಗೆ ಇಳಿಯದ ದಿನಗಳಿದ್ದವು. ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ ಆ ವರ್ಷ ಬಿಸಿಲಿಗೆ ಸಂಬಂಧಿಸಿದ ಸಾವುಗಳು 645. ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದರೆ ಆ ಆರು ತಿಂಗಳು ಮೇ–ಅಕ್ಟೋಬರ್ ಆಗದಂತೆ ನೋಡಿಕೊಳ್ಳಿ. ಬೆಳಿಗ್ಗೆ ವಾಕಿಂಗ್‌ಗೆ ಹೋಗುವ ಅಭ್ಯಾಸವಿರುವ ಹಿರಿಯರಿಗೆ ಆ ಊರಿನ ಜುಲೈ ಎಂದರೆ ಗೃಹಬಂಧನ.

ನೀರಿನ ವಿಷಯದಲ್ಲಿ ಎಚ್ಚರದಿಂದ ಓದಬೇಕು. ಫೀನಿಕ್ಸ್ ಬತ್ತಿಹೋಗುತ್ತಿದೆ ಎಂಬ ಸುದ್ದಿ ಅತಿಯಾದದ್ದು. ಅರಿಜೋನಾದ 1980ರ ಅಂತರ್ಜಲ ಕಾನೂನಿನ ಅಡಿಯಲ್ಲಿ ಈ ಪ್ರದೇಶದ ಹೊಸ ಬಡಾವಣೆಗಳು ನೂರು ವರ್ಷಕ್ಕೆ ಸಾಲುವ ನೀರು ತೋರಿಸಬೇಕು. 2023ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಅಂತರ್ಜಲವನ್ನೇ ನಂಬಿದ ಹೊಸ ಬಡಾವಣೆಗಳಿಗೆ ಅನುಮತಿ ನಿಲ್ಲಿಸಿತು. ಇದರ ಪೆಟ್ಟು ಬಿದ್ದದ್ದು ಬಕ್‌ಐಯಂಥ ಹೊರವಲಯಕ್ಕೆ. ನದಿಗಳ ನೀರಿನ ಹಕ್ಕಿರುವ ಫೀನಿಕ್ಸ್‌ನಂಥ ಹಳೆಯ ನಗರಗಳಿಗಲ್ಲ. ಅದೇ ವರ್ಷದ ಜನವರಿಯಲ್ಲಿ ಸ್ಕಾಟ್ಸ್‌ಡೇಲ್ ನಗರ ತನ್ನ ಗಡಿಯಾಚೆಯ ರಿಯೊ ವರ್ಡೆ ಫುಟ್‌ಹಿಲ್ಸ್‌ಗೆ ಟ್ಯಾಂಕರ್ ನೀರು ಕೊಡುವುದನ್ನು ನಿಲ್ಲಿಸಿತು. ಲಕ್ಷಾಂತರ ಡಾಲರ್ ಬೆಲೆಯ ನೂರಾರು ಮನೆಗಳ ಜನ ಮಳೆನೀರನ್ನು ಬಕೆಟ್‌ನಲ್ಲಿ ಹಿಡಿದು ಶೌಚಾಲಯಕ್ಕೆ ಬಳಸುವ ಸ್ಥಿತಿ ಬಂತು. ಅರಿಜೋನಾದಲ್ಲಿ ಮನೆ ಕೊಳ್ಳುವುದಾದರೆ ನಗರದ ಗಡಿಯೊಳಗೆ, ನಗರದ ನಲ್ಲಿ ಇರುವ ಮನೆಯನ್ನೇ ಕೊಳ್ಳಿ. ಅಗ್ಗ ಎಂದು ಗಡಿ ದಾಟಬೇಡಿ.

ಶಿಕಾಗೋ: ಯಾರು ಬಿಟ್ಟರು, ಯಾರು ಬಂದರು

1950ರಲ್ಲಿ 36 ಲಕ್ಷ, 2020ರಲ್ಲಿ 27.5 ಲಕ್ಷ. ಈ ಇಳಿಕೆಯಲ್ಲಿ ಮನೆಗಳು ಚಿಕ್ಕವಾದದ್ದೂ ಸೇರಿದೆ. 1950ರಲ್ಲಿ ಅಮೆರಿಕದ ಸರಾಸರಿ ಮನೆಯಲ್ಲಿ 3.37 ಜನರಿದ್ದರು, 2020ರಲ್ಲಿ ಸುಮಾರು 2.5. ಮನೆಗಳೆಲ್ಲ ತುಂಬಿದ್ದರೂ ತಲೆಗಳ ಲೆಕ್ಕ ಇಳಿಯಬಹುದು.

ಒಳಗೆ ಇಣುಕಿದರೆ ಎರಡು ಶಿಕಾಗೋಗಳಿವೆ. ನಗರದ ಮಧ್ಯಭಾಗದ ಲೂಪ್, ವೆಸ್ಟ್ ಲೂಪ್, ಸೌತ್ ಲೂಪ್‌ಗಳಲ್ಲಿ ಎತ್ತರದ ಕಟ್ಟಡಗಳು ಏಳುತ್ತಲೇ ಇವೆ. ದಕ್ಷಿಣ ಮತ್ತು ಪಶ್ಚಿಮ ಭಾಗದ ಕಪ್ಪುಜನರ ಬಡಾವಣೆಗಳು ಖಾಲಿಯಾದವು. 1980ರಲ್ಲಿ ಸುಮಾರು 12 ಲಕ್ಷವಿದ್ದ ಕಪ್ಪುಜನರ ಸಂಖ್ಯೆ 2020ರಲ್ಲಿ 8 ಲಕ್ಷಕ್ಕಿಂತ ಕೆಳಗಿತ್ತು. ಕೆಲಸ, ಶಾಲೆ, ಸುರಕ್ಷತೆ ಕೈಬಿಟ್ಟದ್ದರಿಂದ ಹೋದವರು ಅವರು. ನಗರದ ಸರಾಸರಿ ಅಂಕಿ ಈ ಅನ್ಯಾಯವನ್ನು ಮುಚ್ಚಿಬಿಡುತ್ತದೆ. ಮಧ್ಯಭಾಗದಲ್ಲಿ ಬಾಡಿಗೆ ಮನೆ ಹುಡುಕುವವರಿಗೆ 'ಕುಗ್ಗುತ್ತಿರುವ ನಗರ' ಎಂಬುದರ ಸುಳಿವೂ ಸಿಗುವುದಿಲ್ಲ.

ಅಂಕಿಯನ್ನು ಪೂರ್ತಿ ನಂಬುವಂತೆಯೂ ಇಲ್ಲ. 2020ರ ಗಣತಿಯಲ್ಲಿ ಇಲಿನಾಯ್ ರಾಜ್ಯದ ಜನಸಂಖ್ಯೆ ಇಳಿಯಿತೆಂದು ಪ್ರಕಟವಾಯಿತು. ಆಮೇಲೆ ಗಣತಿ ಇಲಾಖೆಯದೇ ಪರಿಶೀಲನಾ ಸಮೀಕ್ಷೆ, ರಾಜ್ಯದ ಸುಮಾರು ಶೇ 2ರಷ್ಟು ಜನ ಎಣಿಕೆಯಿಂದ ತಪ್ಪಿಹೋಗಿದ್ದರು ಎಂದಿತು. ಇಳಿದ ಪ್ರಮಾಣಕ್ಕಿಂತ ತಪ್ಪಿದ ಪ್ರಮಾಣವೇ ಎಷ್ಟೋ ದೊಡ್ಡದು.

ಶಿಕಾಗೋದಲ್ಲಿ ನೋಡಬೇಕಾದದ್ದು ಹಳೆಯ ಬಾಕಿ. ಪಿಂಚಣಿಯ ಸಾಲ ಬೆಟ್ಟದಷ್ಟಿದೆ. 2015ರಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಪಿಂಚಣಿಗೆಂದೇ ಆಸ್ತಿ ತೆರಿಗೆಯನ್ನು ಭಾರಿ ಏರಿಸಲಾಯಿತು. ಅಮೆರಿಕದಲ್ಲಿ ಮನೆಗೆ ನೀರು ತರುವ ಸೀಸದ ಕೊಳವೆಗಳು ಅತಿ ಹೆಚ್ಚಿರುವ ನಗರವೂ ಇದೇ, ಸುಮಾರು ನಾಲ್ಕು ಲಕ್ಷ. 1986ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸುವವರೆಗೆ ನಗರದ ನಿಯಮವೇ ಸೀಸದ ಕೊಳವೆ ಹಾಕಿ ಎನ್ನುತ್ತಿತ್ತು. ಚಿಕ್ಕ ಮಗು ಇರುವವರು 1986ಕ್ಕಿಂತ ಹಳೆಯ ಮನೆಗೆ ಹೋದರೆ ಮೊದಲ ದಿನವೇ ನೀರು ಪರೀಕ್ಷೆ ಮಾಡಿಸಿ, ಸೋಸುವ ಸಾಧನ ಹಾಕಿ. ಇಷ್ಟರ ಮೇಲೂ, ಕಾರಿಲ್ಲದೆ ಬದುಕಬಹುದಾದ, ನ್ಯೂಯಾರ್ಕ್‌ಗಿಂತ ತುಂಬ ಅಗ್ಗದ ದೊಡ್ಡ ನಗರ ಬೇಕೆಂದರೆ ನಾನು ಮೊದಲು ಹೇಳುವ ಹೆಸರು ಶಿಕಾಗೋ. ಪಕ್ಕದಲ್ಲೇ ಮಿಷಿಗನ್ ಸರೋವರವಿದೆ, ನೀರಿನ ಚಿಂತೆಯಿಲ್ಲ. ವಿದ್ಯಾರಣ್ಯ ಕನ್ನಡ ಕೂಟವೂ ಇದೆ.

ಉಳಿದವು, ಚುಟುಕಾಗಿ

ಪಿಟ್ಸ್‌ಬರ್ಗ್ 1950ರ 6.77 ಲಕ್ಷದಿಂದ 3.03 ಲಕ್ಷಕ್ಕೆ ಇಳಿದಿದೆ. ಉಕ್ಕಿನ ಕಾರ್ಖಾನೆಗಳು ಮುಚ್ಚಿದಾಗ ಯುವಕರು ಹೋದರು, ಹಿರಿಯರು ಉಳಿದರು. ಈಗ ಆ ಪ್ರದೇಶದಲ್ಲಿ ಹುಟ್ಟುವವರಿಗಿಂತ ಸಾಯುವವರು ಹೆಚ್ಚು. ಆದರೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಆಸ್ಪತ್ರೆಗಳ ಸುತ್ತ ಕಟ್ಟಿಕೊಂಡ ಹೊಸ ಬದುಕು ಗಟ್ಟಿಯಾಗಿದೆ. ವಿದ್ಯಾರ್ಥಿಗಳಿಗೆ, ವೈದ್ಯರಿಗೆ ಒಳ್ಳೆಯ ಊರು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ 1970ರ ದಶಕದ್ದು, ಅಮೆರಿಕದ ಮೊದಮೊದಲ ಹಿಂದೂ ದೇವಾಲಯಗಳಲ್ಲೊಂದು. ಬಫಲೋ 2020ರಲ್ಲಿ ಎಪ್ಪತ್ತು ವರ್ಷಗಳ ನಂತರ ಮೊದಲ ಬಾರಿ ಏರಿಕೆ ಕಂಡಿತು. ಆ ಏರಿಕೆಯಲ್ಲಿ ನಿರಾಶ್ರಿತರ ಮತ್ತು ಬಾಂಗ್ಲಾದೇಶಿ ಕುಟುಂಬಗಳ ಪಾಲು ದೊಡ್ಡದು. ಬೇರೆಯವರು ಬಿಟ್ಟ ಮನೆಗಳನ್ನು ದುರಸ್ತಿ ಮಾಡಿ ನಿಂತವರು ಅವರು.

ಸಾನ್ ಫ್ರಾನ್ಸಿಸ್ಕೋ, ನ್ಯೂಯಾರ್ಕ್‌ಗಳು 2020ರ ನಂತರ ಜನರನ್ನು ಕಳೆದುಕೊಂಡದ್ದನ್ನು ಡೆಟ್ರಾಯಿಟ್‌ನ ಸಾಲಿಗೆ ಸೇರಿಸಲೇಬಾರದು. ಮನೆಯಿಂದಲೇ ಕೆಲಸ ಮಾಡಬಹುದೆಂದಾದಾಗ ದುಬಾರಿ ಬಾಡಿಗೆ ಕಟ್ಟಲು ಒಪ್ಪದವರು ಹೋದರು. ಬೆಲೆ ಸ್ವಲ್ಪ ಇಳಿದೊಡನೆ, ವಲಸೆ ಮತ್ತೆ ಶುರುವಾದೊಡನೆ ಎರಡೂ ಏರತೊಡಗಿದವು. ಸಿಯಾಟಲ್‌ಗೆ 1970ರ ದಶಕದ ಆರಂಭದಲ್ಲಿ ವಿಮಾನ ತಯಾರಿಸುವ ಬೋಯಿಂಗ್ ಕಂಪನಿಯ ಕೆಲಸಗಳು ಹೋಗಿ ಹೊಡೆತ ಬಿದ್ದಾಗ "ಊರು ಬಿಡುವ ಕೊನೆಯವರು ದೀಪ ಆರಿಸಿ ಹೋಗಿ" ಎಂದು ರಸ್ತೆಬದಿಯಲ್ಲಿ ಫಲಕ ಹಾಕಿದ್ದರು. ಆ ಊರಿನಲ್ಲಿ 2020ರಲ್ಲಿ 7.37 ಲಕ್ಷ ಜನ. ಸಂಬಳದ ಮೇಲೆ ರಾಜ್ಯ ತೆರಿಗೆಯಿಲ್ಲ, ಮನೆ ಬೆಲೆ ಮಾತ್ರ ಮುಟ್ಟಿದರೆ ಸುಡುತ್ತದೆ. ಟೆಕ್ಸಸ್‌ನ ಆಸ್ಟಿನ್ ಬೇಡಿಕೆಗೆ ತಕ್ಕಂತೆ ಮನೆಗಳನ್ನು ಕಟ್ಟಿತು. 2022ರ ನಂತರ ಬಾಡಿಗೆ ಇಳಿಯಿತು. ಬಾಡಿಗೆಗಿರುವವರಿಗೆ ಅದು ಸಿಹಿ, ಉತ್ತುಂಗದ ಬೆಲೆಗೆ ಕೊಂಡವರಿಗೆ ಕಹಿ.

ಹಾಗಾದರೆ ನಿಮಗೆ ಯಾವುದು?

ಎರಡು ಮೂರು ವರ್ಷ ಇದ್ದು ಹೋಗುವವರು ಜನಸಂಖ್ಯೆಯ ಯೋಚನೆಯನ್ನೇ ಬಿಡಿ. ಕೆಲಸ, ಬಾಡಿಗೆ, ಪ್ರಯಾಣದ ಸಮಯ, ಇಷ್ಟೇ ಸಾಕು. ಕುಗ್ಗಿದ ಊರುಗಳಲ್ಲಿ ಉಳಿತಾಯ ಹೆಚ್ಚು. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾಯುವವರಿಗೆ ಕೆಲಸ ಕೊಡುವವರ ವೈವಿಧ್ಯವೇ ಮೊದಲು. ಡಲ್ಲಾಸ್, ಶಿಕಾಗೋ, ಸಿಯಾಟಲ್‌ಗಳು ಆ ಲೆಕ್ಕದಲ್ಲಿ ಮುಂದಿವೆ. ಗ್ರೀನ್ ಕಾರ್ಡ್ ಸಿಕ್ಕಿ, ಒಂದೇ ಮನೆಯಲ್ಲಿ ಇಪ್ಪತ್ತು ವರ್ಷ ಇರುವ ಮನಸ್ಸಿದ್ದವರು ಊರಿನ ಬಾಕಿ ಮತ್ತು ನೀರು ನೋಡಿ. ಕೊಲಂಬಸ್‌ನಂಥ, ದೊಡ್ಡ ಸರೋವರಗಳ ಸುತ್ತಲಿನ ಡೆಟ್ರಾಯಿಟ್ ಉಪನಗರಗಳಂಥ ಪ್ರದೇಶಗಳಿಗೆ ನಾನು ಫೀನಿಕ್ಸ್‌ಗಿಂತ ಹೆಚ್ಚು ಅಂಕ ಕೊಡುತ್ತೇನೆ. ಚಳಿ ಮೂರು ನಾಲ್ಕು ತಿಂಗಳಿನದು, ಅದಕ್ಕೆ ಕೋಟು ಸಿಗುತ್ತದೆ.

ಎಲ್ಲೇ ಆಗಲಿ, ಮೊದಲ ವರ್ಷ ಬಾಡಿಗೆ ಮನೆಯಲ್ಲಿರಿ. ಕೊಳ್ಳುವ ಮುನ್ನ ಆ ಶಾಲಾ ಜಿಲ್ಲೆಯ ಆಡಳಿತ ಮಂಡಳಿಯ ಸಭೆಗಳ ದಾಖಲೆ ತೆರೆದು ನೋಡಿ. ಮುಂದಿನ ವರ್ಷಗಳಲ್ಲಿ ಎಷ್ಟು ಮಕ್ಕಳು ಬರುತ್ತಾರೆಂಬ ಅಂದಾಜನ್ನು ಅವರು ಸಾರ್ವಜನಿಕವಾಗಿ ಇಟ್ಟಿರುತ್ತಾರೆ. ಒಂದು ಬಡಾವಣೆ ಬೆಳೆಯುತ್ತಿದೆಯೋ ಮುಪ್ಪಾಗುತ್ತಿದೆಯೋ ಎಂಬುದು ಜನಗಣತಿಗಿಂತ ಎಷ್ಟೋ ಮೊದಲು ಅಲ್ಲಿ ಗೊತ್ತಾಗುತ್ತದೆ.